ಭಾವನ ಎಂ.ಜಿ. ಕಾರು, ಅಕ್ಕನ ಹೊಲಿಗೆ ಮಿಷನ್ನು

ಎಂ.ಜಿ. ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಮಹಾತ್ಮ ಗಾಂಧಿ ರಸ್ತೆ. ಬೆಂಗಳೂರಿನ ಮಾತಿರಲಿ, ಚಿಕ್ಕಮಗಳೂರಿನಂಥ ಊರಿನಲ್ಲೂ ಒಂದು ಎಂ.ಜಿ. ರೋಡ್ ಇದೆ. 2019ರಿಂದೀಚೆಗೆ ಅದೇ ರಸ್ತೆಗಳಲ್ಲಿ ಅದೇ ಎರಡಕ್ಷರವನ್ನು ಮೂತಿಗೆ ಅಂಟಿಸಿಕೊಂಡ ದೊಡ್ಡ ದೊಡ್ಡ ಕಾರುಗಳೂ ಓಡಾಡತೊಡಗಿವೆ. ಎಂಟು ಮೂಲೆಯ ಚೌಕಟ್ಟಿನೊಳಗೆ ಕೂತಿರುವ ಆ ಅಕ್ಷರಗಳ ಪೂರ್ತಿ ಹೆಸರು ಮಾರಿಸ್ ಗ್ಯಾರೇಜಸ್. ಹೆಸರಿನ ಒಡೆತನ ಈಗ ಚೀನಾದ ಕಂಪನಿಯ ಕೈಗೆ ಹೋಗಿದೆ. ಅದರ ಹುಟ್ಟು ಮಾತ್ರ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಒಬ್ಬ ಸೈಕಲ್ ರಿಪೇರಿ ಹುಡುಗನಿಂದ.

ಆ ಹುಡುಗ ವಿಲಿಯಂ ಮಾರಿಸ್. 1893ರಲ್ಲಿ, ಹದಿನಾರರ ಆಸುಪಾಸಿನ ವಯಸ್ಸಿನಲ್ಲಿ, ನಾಲ್ಕು ಪೌಂಡು ಬಂಡವಾಳ ಹಾಕಿ ಅಪ್ಪನ ಮನೆಯ ಹಿತ್ತಲ ಷೆಡ್ಡಿನಲ್ಲಿ ಸೈಕಲ್ ರಿಪೇರಿ ಶುರುಮಾಡಿದ. ಸೈಕಲ್ ಆದಮೇಲೆ ಮೋಟಾರ್ ಸೈಕಲ್, ಅದಾದಮೇಲೆ ಕಾರು. ಕಾರು ಮಾರುವ, ರಿಪೇರಿ ಮಾಡುವ ಅವನ ಅಂಗಡಿಯೇ ಮಾರಿಸ್ ಗ್ಯಾರೇಜಸ್. 1922ರಲ್ಲಿ ಅದಕ್ಕೆ ಮ್ಯಾನೇಜರಾಗಿ ಬಂದ ಸೆಸಿಲ್ ಕಿಂಬರ್ ಎಂಬಾತನಿಗೆ ಒಂದು ಉಪಾಯ ಹೊಳೆಯಿತು. ಸಂಸಾರಸ್ಥರು ಕೊಳ್ಳುವ ಸಾಧಾರಣ ಮಾರಿಸ್ ಕಾರಿನ ಚಾಸಿ ತೆಗೆದುಕೊಂಡು, ಅದಕ್ಕೆ ಹಗುರವಾದ ಚೆಂದದ ಮೈ ತೊಡಿಸಿ, ಓಟದ ಕಾರಿನ ಹಾಗೆ ಮಾಡಿ ಮಾರುವುದು. ಅಮ್ಮನ ಹಳೆಯ ರೇಷ್ಮೆ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಸುತ್ತಾರಲ್ಲ, ಆ ಬಗೆಯ ಜಾಣತನ. ಕಾರುಗಳು ಎಷ್ಟು ಚೆನ್ನಾಗಿ ಹೋದವೆಂದರೆ 1929ರಲ್ಲಿ ಆಕ್ಸ್‌ಫರ್ಡಿನ ಪಕ್ಕದ ಅಬಿಂಗ್ಡನ್ ಎಂಬ ಸಣ್ಣ ಊರಿಗೆ, ಚರ್ಮದ ಕಾರ್ಖಾನೆಯೊಂದರ ಖಾಲಿ ಬಿದ್ದಿದ್ದ ಭಾಗಕ್ಕೆ, ಎಂ.ಜಿ. ಸಂಸಾರ ಹೂಡಿತು. 1935ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಯ ಓಟಕ್ಕೆ ಮೂರು ಪುಟ್ಟ ಎಂ.ಜಿ. ಕಾರುಗಳನ್ನು ಕಳಿಸಿದಾಗ ಅವನ್ನು ಓಡಿಸಿದವರು ಆರು ಮಂದಿ ಹೆಂಗಸರು. ಮೂರಕ್ಕೆ ಮೂರೂ ಕಾರು ಓಟ ಮುಗಿಸಿದವು. ಅಷ್ಟು ಮಾಡಿದ ಹೆಂಗಸರಿಗೆ ಅಂಟಿಕೊಂಡ ಅಡ್ಡಹೆಸರು ಮಾತ್ರ ‘ಕುಣಿಯುವ ಹೆಣ್ಣುಮಕ್ಕಳು’. ಇರಲಿ.

ಇದನ್ನೆಲ್ಲ ನಾನು ತಿಳಿದುಕೊಳ್ಳಬೇಕಾಗಿ ಬಂದದ್ದು ನನ್ನ ಭಾವನಿಂದ. ಅವರು ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಇಂಗ್ಲೆಂಡಿಗೆ ಹೋದ ವೈದ್ಯರು, ಅರಿವಳಿಕೆ ತಜ್ಞರು. ಆ ಕಾಲದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ನಮ್ಮ ಕಡೆಯಿಂದ ಹೋದವರು ಬಹಳ ಜನ. ಹುಡುಗನಾಗಿದ್ದಾಗ ಕಾಫಿ ತೋಟದ ಸಾಹುಕಾರರೊಬ್ಬರು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಮಾಡಿಲ್ಲದ ಎಂ.ಜಿ. ಕಾರಿನಲ್ಲಿ ಬಂದಿಳಿದದ್ದನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ನಿವೃತ್ತಿಯಾದ ಮೇಲೆ, 2019ರಲ್ಲಿ, 1966ರ ಒಂದು ಎಂ.ಜಿ.ಬಿ. ಕಾರು ಕೊಂಡು ತಂದರು. ಕಡುಗೆಂಪು ಬಣ್ಣ, ಮೇಲೆ ಬಟ್ಟೆಯ ಮುಚ್ಚಳ, ಇಬ್ಬರು ಮಾತ್ರ ಕೂರಬಹುದು. ಮೊಮ್ಮಕ್ಕಳು ಬಂದರೆ ಎಲ್ಲಿ ಕೂರಿಸುತ್ತೀರಿ ಎಂದು ಅಕ್ಕ ಕೇಳಿದ್ದಕ್ಕೆ ಉತ್ತರವಿರಲಿಲ್ಲ. “ಸಣ್ಣಪುಟ್ಟ ಕೆಲಸ ಇದೆ, ಒಂದೆರಡು ತಿಂಗಳಲ್ಲಿ ಮುಗಿಸ್ತೀನಿ” ಎಂದಿದ್ದರು. 2022ರ ಬೇಸಿಗೆಯಲ್ಲಿ ನಾನು ಅಕ್ಕನ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದಾಗಲೂ ಕಾರು ಗ್ಯಾರೇಜಿನಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತೇ ಇತ್ತು. ಅಕ್ಕನ ಕಾರು ಮೂರು ವರ್ಷದಿಂದ ಮಳೆಯಲ್ಲಿ ಹೊರಗೆ.

ಭಾವ ಕೆಲಸ ಗೊತ್ತಿಲ್ಲದವರಲ್ಲ. ಮೈಸೂರಿನ ಮನೆಯಲ್ಲಿ ಅವರಪ್ಪನ ಅಂಬಾಸಿಡರ್ ಇತ್ತು. 2014ರವರೆಗೂ ತಯಾರಾದ ನಮ್ಮ ಅಂಬಾಸಿಡರಿನಲ್ಲಿ ದಶಕಗಳ ಕಾಲ ಇದ್ದ 1489 ಸಿ.ಸಿ. ಎಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ ಮಾಲಿಕೆಯದು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಓಟದ ಕಾರಿನಲ್ಲಿದ್ದದ್ದೂ ಅದೇ. ಎಂ.ಜಿ.ಬಿ.ಗೆ ಅದನ್ನೇ 1798 ಸಿ.ಸಿ.ಗೆ ಹಿಗ್ಗಿಸಿದರು. ಮದುವೆಗೆ ನೆಂಟರನ್ನು ತುಂಬಿಕೊಂಡು ಹೋಗುತ್ತಿದ್ದ ನಮ್ಮ ಅಂಬಾಸಿಡರೂ ಈ ಕೆಂಪು ಸುಂದರಿಯೂ ಒಂದೇ ವಂಶದವರು! ಅದಕ್ಕೇ ಎಂಜಿನ್ ಭಾವನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಅವರು ಲೆಕ್ಕಕ್ಕೇ ಹಿಡಿಯದಿದ್ದ ಒಂದು ಜಾಗ, ಬಾಗಿಲ ಕೆಳಗಿನ ಹೊಸ್ತಿಲು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಂ.ಜಿ.ಎ.ವರೆಗಿನ ಕಾರುಗಳಲ್ಲಿ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಮೈ, ಹೀಗೆ ಎರಡು ಬೇರೆ ಬೇರೆ. ಎತ್ತಿನ ಗಾಡಿಯ ಮೂಕಿ ಗಟ್ಟಿಯಿದ್ದರೆ ಮೇಲಿನ ಕಮಾನು ಹರಿದರೂ ಗಾಡಿ ನಡೆಯುತ್ತದೆ ನೋಡಿ, ಹಾಗೆ. 1962ರಲ್ಲಿ ಬಂದ ಎಂ.ಜಿ.ಬಿ.ಯಲ್ಲಿ ಚಾಸಿಯನ್ನೇ ಬಿಟ್ಟರು. ತಗಡುಗಳನ್ನು ಮಡಿಸಿ ಬೆಸೆದ ಮೈಯೇ ಎಲ್ಲ ಭಾರವನ್ನೂ ಹೊರಬೇಕು. ಒಳಗೆ ಜಾಗ ಜಾಸ್ತಿ ಸಿಕ್ಕಿತು, ಕಾರು ಗಿಡ್ಡವಾಯಿತು. ಆದರೆ ಈ ಕಾರಿಗೆ ಮಾಡಿಲ್ಲ. ಸಿಹಿತಿಂಡಿಯ ರಟ್ಟಿನ ಡಬ್ಬವನ್ನು ಮುಚ್ಚಳ ಹಾಕಿ ಹಿಡಿದರೆ ಗಟ್ಟಿಯಾಗಿರುತ್ತದೆ. ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮಾಡಿಲ್ಲದ ಕಾರಿನ ಕಥೆಯೂ ಇಷ್ಟೇ. ಅದು ನಡು ಮುರಿದು ಬೀಳದಂತೆ ತಡೆಯುವುದು ಎರಡೂ ಪಕ್ಕದ ಬಾಗಿಲುಗಳ ಕೆಳಗೆ ಹಾದುಹೋಗುವ ಹೊಸ್ತಿಲುಗಳು. ಒಂದೊಂದು ಹೊಸ್ತಿಲಿನಲ್ಲೂ ಹೊರಗೊಂದು, ಒಳಗೊಂದು, ನಡುವೆ ಒಂದು ಎಂದು ತಗಡಿನ ಪದರಗಳು, ಅವುಗಳ ಮಧ್ಯೆ ಪೊಳ್ಳು.

ಇಂಗ್ಲೆಂಡಿನಲ್ಲಿ ಚಳಿಗಾಲ ಬಂತೆಂದರೆ ರಸ್ತೆಗಳಲ್ಲಿ ಹಿಮ ಕಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಅರವತ್ತರ ದಶಕದ ಕಾರುಗಳ ಒಳಮೈಗೆ ತುಕ್ಕು ತಡೆಯುವ ಲೇಪ ಅಷ್ಟಕ್ಕಷ್ಟೆ. ಉಪ್ಪುನೀರು ಪೊಳ್ಳಿನೊಳಗೆ ಸೇರಿತೆಂದರೆ ಹೊರಬರುವ ದಾರಿಯಿಲ್ಲ. ಕಾರವಾರ, ಮಂಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಡಲ ಗಾಳಿಗೆ ಕಿಟಕಿಯ ಸರಳು ಹೇಗೆ ಒಳಗೊಳಗೇ ಹಪ್ಪಳವಾಗುತ್ತದೆ ಎಂದು ಅವರಿಗೆ ಗೊತ್ತು. ಬಣ್ಣ ಮೇಲೆ ಫಳಫಳ ಹೊಳೆಯುತ್ತಲೇ ಇರುತ್ತದೆ.

ಭಾವ ಕಾರು ತಂದ ಮೂರನೆಯ ದಿನ ಅಕ್ಕ ಅಡಿಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದ ಸಣ್ಣ ಅಯಸ್ಕಾಂತವೊಂದನ್ನು ತೆಗೆದುಕೊಂಡು ಹೋಗಿ ಹೊಸ್ತಿಲಿನ ಉದ್ದಕ್ಕೂ ಒಂದೊಂದು ಕಡೆ ಇಟ್ಟು ನೋಡಿದಳಂತೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು, ಪರೀಕ್ಷೆ ಮಾಡದೆ ಏನನ್ನೂ ನಂಬುವುದಿಲ್ಲ. ಒಂದು ಗೇಣು ಅಂಟಿಕೊಂಡಿತು, ಮುಂದಿನ ಒಂದು ಮೊಳ ಜಾರಿ ಬಿತ್ತು. “ರೀ, ಇಲ್ಲಿ ಕಬ್ಬಿಣವೇ ಇಲ್ಲ” ಎಂದಳು. ಭಾವ ಬಣ್ಣ ಕೆರೆದರೆ ಕೆಳಗೆ ಬೆರಳುದ್ದ ದಪ್ಪದ ಪುಟ್ಟಿ, ಅದರ ಕೆಳಗೆ ಕೋಳಿಗೂಡಿಗೆ ಹಾಕುವಂಥ ತಂತಿಯ ಬಲೆ, ಅದರ ಹಿಂದೆ ಒತ್ತಿ ತುಂಬಿದ ಹಳೆಯ ಪತ್ರಿಕೆಯ ಉಂಡೆಗಳು. ಹಿಂದೆ ಯಾರೋ ಒಬ್ಬರು ಕಾರನ್ನು ದಾಟಿಸಿಬಿಡಲು ಮಾಡಿದ ಕೆಲಸ. ಪತ್ರಿಕೆಯ ತುಂಡುಗಳನ್ನು ಅಕ್ಕ ಬಿಸಾಡಲಿಲ್ಲ. ಬಿಡಿಸಿ, ಒಣಗಿಸಿ ಇಟ್ಟಿದ್ದಳು, ನನಗೂ ತೋರಿಸಿದಳು. ಟಿ.ವಿ. ಕಾರ್ಯಕ್ರಮಗಳ ಪಟ್ಟಿ, ಅರ್ಧ ಹರಿದ ಪೀಠೋಪಕರಣದ ಜಾಹೀರಾತು. ಒಂದು ಕಾರಿನ ಬೆನ್ನೆಲುಬು ಇರಬೇಕಾದ ಜಾಗದಲ್ಲಿ!

ನೋಡಿದರೆ ಹೊಸ ತಗಡು ತಂದು ಬೆಸೆದರಾಯಿತು. ಎಂ.ಜಿ.ಬಿ. ಕಾರುಗಳು 1962ರಿಂದ 1980ರ ನಡುವೆ ಐದು ಲಕ್ಷಕ್ಕೂ ಮೀರಿ ತಯಾರಾದವು, ಅವುಗಳ ಬಿಡಿಭಾಗ ಮಾಡುವವರು ಇಂದಿಗೂ ಇದ್ದಾರೆ. ಆದರೆ ಹಳೆಯ ಹೊಸ್ತಿಲನ್ನು ಕತ್ತರಿಸಿ ತೆಗೆದ ಕ್ಷಣ ಕಾರಿಗೆ ನಡುವೇ ಇಲ್ಲ. ಹಿಂದೆ ಮುಂದೆ ಜಾಕ್ ಕೊಟ್ಟು ನಿಲ್ಲಿಸಿದ್ದರೆ ಮಧ್ಯೆ ಕುಸಿಯುತ್ತದೆ. ಕೂದಲೆಳೆಯಷ್ಟು ಕುಸಿತ, ಕಣ್ಣಿಗೆ ಕಾಣುವುದಿಲ್ಲ. ಆ ಸ್ಥಿತಿಯಲ್ಲೇ ಹೊಸ ಹೊಸ್ತಿಲು ಬೆಸೆದುಬಿಟ್ಟರೆ ಕುಸಿತ ಶಾಶ್ವತವಾಗುತ್ತದೆ. ಅದು ಗೊತ್ತಾಗುವುದು ಎಲ್ಲ ಮುಗಿದು, ಬಣ್ಣ ಹೊಡೆದು, ಬಾಗಿಲು ಹಾಕಹೋದಾಗ. ಬಾಗಿಲು ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಎಂ.ಜಿ.ಬಿ. ರಿಪೇರಿಗೆ ಕೂತ ಅದೆಷ್ಟು ಮಂದಿ ಈ ಬಾಗಿಲಿನ ಎದುರು ತಲೆಮೇಲೆ ಕೈಹೊತ್ತು ಕೂತಿದ್ದಾರೋ.

ಭಾವನ ಕಾರಿನಲ್ಲಿ ಒಂದು ಪಕ್ಕ ಪತ್ರಿಕೆ ತುಂಬಿದ್ದರೆ, ಇನ್ನೊಂದು ಪಕ್ಕದಲ್ಲಿ ಹಿಂದಿನ ಒಡೆಯರಲ್ಲಿ ಯಾರೋ ಹೀಗೆಯೇ ಕುಸಿದ ಸ್ಥಿತಿಯಲ್ಲಿ ಹೊಸ ಹೊಸ್ತಿಲು ಬೆಸೆಸಿ, ಬಾಗಿಲಿನ ಅಂಚನ್ನು ಉಜ್ಜಿ ಹೇಗೋ ಕೂರಿಸಿದ್ದರು. ಅಂದರೆ ತುಕ್ಕನ್ನಲ್ಲದೆ ರಿಪೇರಿಯನ್ನೂ ರಿಪೇರಿ ಮಾಡಬೇಕು. ಗಟ್ಟಿಯಾಗಿರುವ ತಗಡನ್ನು ಕತ್ತರಿಸಿ ತೆಗೆಯುವುದಕ್ಕೆ ಮನಸ್ಸು ಬರಲು ಭಾವನಿಗೆ ಒಂದು ತಿಂಗಳು ಬೇಕಾಯಿತಂತೆ. ಕೊನೆಗೆ ಬಾಗಿಲ ಜಾಗಕ್ಕೆ ಅಡ್ಡಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು, ಕಾರಿನ ಆಕಾರ ಅಲುಗದಂತೆ ಕಟ್ಟಿಹಾಕಿ, ಒಂದು ಪಕ್ಕ ಮುಗಿದ ಮೇಲೆ ಇನ್ನೊಂದು ಪಕ್ಕ ಎಂದು ಕೆಲಸ ಮಾಡಿದರು. ಅಷ್ಟರಲ್ಲಿ ಕೊರೋನಾ ಬಂದು ಹೊರಗೆ ಹೋಗುವಂತಿರಲಿಲ್ಲ. ಬಾಗಿಲನ್ನು ಇಬ್ಬರೂ ಸೇರಿ ಎತ್ತಿ ಕೂರಿಸಿ, ಸಂದು ಅಳೆದು, ಮತ್ತೆ ಇಳಿಸಿ, ಮತ್ತೆ ಕೂರಿಸಿ, ಹೀಗೆ ಎಷ್ಟು ಸಲವೋ. “ದಿನಾ ಹೊಸ್ತಿಲು ತೊಳೆದು ರಂಗೋಲಿ ಎಳೆಯೋ ಪದ್ಧತಿ ಇಲ್ಲೂ ಇದ್ದಿದ್ರೆ ಇಷ್ಟು ತುಕ್ಕು ಹಿಡೀತಿರಲಿಲ್ಲ” ಎಂದು ಅಕ್ಕ ನಗುತ್ತಿದ್ದಳು.

ಇಷ್ಟೆಲ್ಲ ಒದ್ದಾಡುವ ಬದಲು ಇಡೀ ಮೈಯನ್ನೇ ಹೊಸದಾಗಿ ಕೊಳ್ಳುವ ದಾರಿಯೂ ಇದೆ. ಅದರ ಹಿಂದೆ ಒಂದು ವಿಷಾದದ ಕಥೆಯಿದೆ. 1979ರ ಸೆಪ್ಟೆಂಬರ್ ಮೊದಲ ವಾರ ಅಬಿಂಗ್ಡನ್ ಊರಿನಲ್ಲಿ ಸಂಭ್ರಮವೋ ಸಂಭ್ರಮ. ಎಂ.ಜಿ. ಆ ಊರಿಗೆ ಬಂದು ಐವತ್ತು ವರ್ಷವಾಗಿತ್ತು. ಸಂಭ್ರಮ ಮುಗಿಯುತ್ತಿದ್ದಂತೆ ಸೋಮವಾರ, 10ನೇ ತಾರೀಕು, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಆಗಿನ ಒಡೆಯರಾದ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆ ಸಾಲದಲ್ಲಿ ಮುಳುಗಿ ಸರ್ಕಾರದ ಹಣದಲ್ಲಿ ಉಸಿರಾಡುತ್ತಿತ್ತು. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂತು. ಒಂದು ಸಣ್ಣ ಊರು, ತಂದೆ ಮಗ ಇಬ್ಬರೂ ಅದೇ ಬಾಗಿಲಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮನೆಗಳು. ಸಿಹಿ ಹಂಚಿದ ಮರುವಾರವೇ ಕೆಲಸ ಹೋಗುತ್ತದೆಂದು ತಿಳಿದ ಮನೆಗಳಲ್ಲಿ ಆ ರಾತ್ರಿ ಹೆಂಗಸರು ಏನು ಅಡಿಗೆ ಮಾಡಿದರೋ ಎಂದು ನನ್ನ ಯೋಚನೆ.

ಕಾರ್ಖಾನೆ ಮುಚ್ಚಿದ ಕೆಲವು ವರ್ಷಗಳ ಮೇಲೆ ಹಳೆಯ ಕಾರುಗಳ ಬಿಡಿಭಾಗಗಳನ್ನು ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯ ಡೇವಿಡ್ ಬಿಷಪ್ ಎಂಬವರು ಎಂ.ಜಿ.ಬಿ. ತಗಡುಗಳನ್ನು ಒತ್ತುತ್ತಿದ್ದ ಮೂಲ ಅಚ್ಚುಗಳನ್ನು ಹುಡುಕುತ್ತ ಹೋದರು. ಬಹುಪಾಲು ಅಚ್ಚುಗಳು ಗುಜರಿಗೆ ಹೋಗದೆ ಉಳಿದಿದ್ದವು. 1988ರಿಂದ ಅದೇ ಅಚ್ಚುಗಳಲ್ಲಿ ಇಡೀ ಕಾರಿನ ಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿದರು. ಹಳೆಯ ಕಾರಿನ ಎಂಜಿನ್, ಗಾಲಿ, ಗಾಜು ಬಿಚ್ಚಿ ಹೊಸ ಮೈಗೆ ಜೋಡಿಸಿಕೊಂಡರಾಯಿತು. ಭಾವ ಬೆಲೆ ವಿಚಾರಿಸಿದರು. ಕಾರಿಗೆ ಕೊಟ್ಟ ಹಣಕ್ಕಿಂತ ಅದೇ ಜಾಸ್ತಿ. “ಅಲ್ಲದೆ, ಮೈ ಪೂರ್ತಿ ಬದಲಾಯಿಸಿದ ಮೇಲೆ ಇದು 1966ರ ಕಾರು ಹೇಗಾಗುತ್ತೆ?” ಎಂದರು. ಮಂಡಿಚಿಪ್ಪು ಬದಲಾಯಿಸಿಕೊಂಡ ಅಕ್ಕ ಏನೂ ಮಾತಾಡಲಿಲ್ಲ.

ನಟ್ಟು ಬೋಲ್ಟುಗಳ ಕಥೆ ಬೇರೆ. ಈಗಿನ ಸ್ಪ್ಯಾನರುಗಳೆಲ್ಲ ಮಿಲಿಮೀಟರಿನವು. ಎಂ.ಜಿ.ಬಿ.ಯ ನಟ್ಟುಗಳು ಅಂಗುಲದ ಲೆಕ್ಕ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೋಲ್ಟು ಇಂಗ್ಲೆಂಡಿನ ಯಂತ್ರಕ್ಕೆ ಕೂರದೆ ಪಟ್ಟ ಪಾಡಿನಿಂದಾಗಿ 1948ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಮೂರೂ ಸೇರಿ ಒಪ್ಪಿಕೊಂಡ ಮರೆ ಅದು. ಮಿಲಿಮೀಟರಿನ ಸ್ಪ್ಯಾನರು ಸುಮಾರಾಗಿ ಹೊಂದಿದಂತೆ ಕಂಡು, ಬಲ ಹಾಕಿದರೆ ನಟ್ಟಿನ ಮೂಲೆಗಳನ್ನೇ ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಆಮೇಲೆ ಅದು ಜನ್ಮದಲ್ಲಿ ಬಿಚ್ಚುವುದಿಲ್ಲ. ಇದಕ್ಕಿಂತ ಹಿಂದಿನ ಎಂ.ಜಿ. ಟಿ.ಸಿ. ಎಂಬ ಕಾರಿನವರ ಕಷ್ಟ ಕೇಳಿದರೆ ನಗು ಬರುತ್ತದೆ. ಅದರ ಎಂಜಿನ್ನಿನ ಬೋಲ್ಟುಗಳಲ್ಲಿ ಮರೆ ಫ್ರೆಂಚರ ಮಿಲಿಮೀಟರ್ ಲೆಕ್ಕದ್ದು, ತಲೆ ಇಂಗ್ಲಿಷರ ವಿಟ್‌ವರ್ತ್ ಲೆಕ್ಕದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿ ಕವೆಂಟ್ರಿ ಊರಿನಲ್ಲಿ ಮೆಷಿನ್ ಗನ್ ಮಾಡಲು ಕಾರ್ಖಾನೆ ಹಾಕಿತ್ತು. 1923ರಲ್ಲಿ ಮಾರಿಸ್ ಅದನ್ನು ಕೊಂಡಾಗ ಫ್ರೆಂಚ್ ಅಳತೆಯ ಯಂತ್ರಗಳೂ ಜೊತೆಗೆ ಬಂದವು. ಅವನ್ನು ಬದಲಾಯಿಸುವುದು ದುಬಾರಿ. ಆದ್ದರಿಂದ ಮರೆಯನ್ನು ಹಾಗೇ ಬಿಟ್ಟು, ಊರಿನ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ಸ್ಪ್ಯಾನರಿಗೆ ಹೊಂದುವಂತೆ ತಲೆಯನ್ನಷ್ಟೇ ಬದಲಿಸಿದರು. 1955ರವರೆಗೂ ಎಂ.ಜಿ. ಕಾರುಗಳು ಆ ಬೋಲ್ಟಿನಲ್ಲೇ ಓಡಿದವು. ಟಿ.ಸಿ. ಕಾರಿನ ಮೈಯ ಒಳಗೆ ಮರದ ಚೌಕಟ್ಟು ಬೇರೆ ಇದೆ. ಅದನ್ನು ರಿಪೇರಿ ಮಾಡಹೊರಟವರು ಬಡಗಿ ಕೆಲಸವನ್ನೂ ಕಲಿಯಬೇಕು.

ವಿದ್ಯುತ್ತಿನದು ಇನ್ನೊಂದು ತಿರುಗುಮುರುಗು. 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಈಗಿನ ಎಲ್ಲ ಕಾರುಗಳಲ್ಲೂ ಮೈಗೆ ಸೇರುವುದು ಮೈನಸ್. ಈಗಿನ ರೇಡಿಯೋ, ಫೋನಿನ ಚಾರ್ಜರು ಏನನ್ನೇ ಯೋಚಿಸದೆ ತಗುಲಿಸಿದರೂ ಸುಟ್ಟ ವಾಸನೆ ಬರುತ್ತದೆ. ಬ್ಯಾಟರಿಗಳು ಎರಡು, ಆರಾರು ವೋಲ್ಟಿನವು, ಸೀಟಿನ ಹಿಂದೆ ನೆಲದ ಕೆಳಗೆ, ಯಾರಿಗೂ ಕೈಗೆಟುಕದ ಕಡೆ. ಕೈಗೆಟುಕದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ. ನಮ್ಮ ಅಟ್ಟದ ಮೇಲಿನ ಹಂಡೆಯ ಹಾಗೆ.

ಪೆಟ್ರೋಲ್ ಎಂಜಿನ್ನಿಗೆ ಪೆಟ್ರೋಲೇ ಶತ್ರುವಾಗುತ್ತದೆಂದು ಭಾವ ಎಣಿಸಿರಲಿಲ್ಲ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಎಂಜಿನ್ನಿನ ವಾಲ್ವುಗಳು ಕೂರುವ ಅಂಚನ್ನು ಮೆತ್ತೆಯಂತೆ ಕಾಪಾಡುತ್ತಿತ್ತು. ಮಕ್ಕಳ ಮೆದುಳಿಗೆ ಸೀಸ ವಿಷವೆಂದು ಖಚಿತವಾದ ಮೇಲೆ ನಮ್ಮಲ್ಲೂ ಬ್ರಿಟನ್ನಿನಲ್ಲೂ 2000ದ ಹೊತ್ತಿಗೆ ಅದನ್ನು ನಿಲ್ಲಿಸಿದರು, ನಿಲ್ಲಿಸಲೇಬೇಕಿತ್ತು. ಹಳೆಯ ಎಂಜಿನ್ನಿನ ತಲೆಯನ್ನು ಬಿಚ್ಚಿ ಗಟ್ಟಿ ಲೋಹದ ಅಂಚು ಕೂರಿಸದಿದ್ದರೆ ಜೋರಾಗಿ ಓಡಿಸಿದಾಗ ಅದು ಸವೆಯುತ್ತದೆ. ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಲೇತ್ ಇರುವವರ ಹತ್ತಿರ ಕಳಿಸಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಮಾಮೂಲಿ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತಿದೆ. ಎಥನಾಲು ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ಒಸರಿದರೆ ಏನಾಗುತ್ತದೆಂದು ಹೇಳಬೇಕೆ? ಭಾವ ಅಷ್ಟೂ ಪೈಪುಗಳನ್ನು ಕಿತ್ತು ಹೊಸದು ಹಾಕಿದರು. ಆ ವಾರವೆಲ್ಲ ಅಕ್ಕನ ಮನೆಯಲ್ಲಿ ಪೆಟ್ರೋಲ್ ಬಂಕಿನ ವಾಸನೆ.

ಕಾರ್ಬ್ಯುರೇಟರುಗಳನ್ನು ಮಾತ್ರ ಅಕ್ಕ ತಾನೇ ಬಿಚ್ಚಿ ತೊಳೆದಳು. ಎಸ್.ಯು. ಎಂಬ ಹೆಸರಿನವು, ಜೋಡಿ. ಸ್ಕಿನ್ನರ್ ಎಂಬ ಚಪ್ಪಲಿ ವ್ಯಾಪಾರದ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಕಳೆದ ಶತಮಾನದ ಮೊದಲ ದಶಕದಲ್ಲಿ ಕಂಡುಹಿಡಿದದ್ದು. ಮೊದಲಿನವುಗಳಲ್ಲಿ ಕುಲುಮೆಯ ತಿದಿಯಂಥ ಚರ್ಮದ ಚೀಲವಿತ್ತು. ಅದನ್ನು ಮನೆಯ ಹೆಂಗಸೇ ಕೂತು ಹೊಲಿಯುತ್ತಿದ್ದಳೆಂದು ಆ ಕುಟುಂಬದ ನೆನಪು. ಕಂಪನಿಗಳ ಚರಿತ್ರೆಯಲ್ಲಿ ಇಂಥದ್ದು ಎಷ್ಟು ಸಲ ಹೀಗೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ!

ಬ್ರೇಕಿನ ವಿಷಯಕ್ಕೆ ಬಂದಾಗ ತಮಾಷೆ ಮುಗಿಯಿತು. ಈಗಿನ ಕಾರುಗಳಲ್ಲಿ ಬ್ರೇಕಿನ ಎಣ್ಣೆ ಹರಿಯಲು ಎರಡು ಪ್ರತ್ಯೇಕ ದಾರಿಗಳಿರುತ್ತವೆ, ಒಂದು ಸೋರಿದರೆ ಇನ್ನೊಂದು ಕಾಯುತ್ತದೆ. 1966ರ ಎಂ.ಜಿ.ಬಿ.ಯಲ್ಲಿ ನಾಲ್ಕು ಗಾಲಿಗೂ ಸೇರಿ ಒಂದೇ ದಾರಿ. ಎಲ್ಲೋ ಒಂದು ಕಡೆ ಉಕ್ಕಿನ ಕೊಳವೆ ತುಕ್ಕು ತಿಂದು ಒಡೆದರೆ ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕಿನ ರಬ್ಬರ್ ಪೈಪು ಇನ್ನೂ ಮೋಸದ್ದು. ಹೊರಗಿನಿಂದ ಹೊಸದರಂತಿದ್ದು ಒಳಗೆ ಊದಿಕೊಂಡಿರುತ್ತದೆ. ಒತ್ತಿದ ಬ್ರೇಕು ಬಿಡುವುದೇ ಇಲ್ಲ. ಭಾವ ಇದನ್ನು ರಕ್ತನಾಳಕ್ಕೆ ಹೋಲಿಸಿ ಹೇಳಿದರು, ಅದು ಅವರ ಅಭ್ಯಾಸ. ಜೊತೆಗೆ ಆ ಕಾಲದ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಗಾಲಿ ಬಿಚ್ಚಿ ಧೂಳನ್ನು ಉಫ್ ಎಂದು ಊದಿದರೆ ಅದು ಶ್ವಾಸಕೋಶಕ್ಕೆ ಹೋಗಿ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ತರಬಹುದು. ಬ್ರಿಟನ್ನಿನಲ್ಲಿ ಕಲ್ನಾರನ್ನು 1999ರಲ್ಲಿ ಪೂರ್ತಿ ನಿಷೇಧಿಸಿದರು, ಆದರೆ ಹಳೆಯ ಕಾರಿನ ಗಾಲಿಯೊಳಗೆ ಕೂತದ್ದಕ್ಕೆ ನಿಷೇಧ ಗೊತ್ತಿಲ್ಲ.

ಇಷ್ಟು ಅಪಾಯದ ಯಂತ್ರವನ್ನು ಸರ್ಕಾರ ಪರೀಕ್ಷೆ ಮಾಡುತ್ತದಲ್ಲ ಎಂದು ನಾನು ಕೇಳಿದೆ. ಇಲ್ಲವಂತೆ. 2018ರ ಮೇ ತಿಂಗಳಿಂದ ಅಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ ವರ್ಷಕ್ಕೊಮ್ಮೆಯ ತಪಾಸಣೆ ಕಡ್ಡಾಯವಲ್ಲ. ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಕಡಿಮೆ ಓಡಿಸುತ್ತಾರೆ ಎಂಬ ನಂಬಿಕೆ. ಪತ್ರಿಕೆ ತುರುಕಿದವರಿಗೂ ಕಾರಿನ ಮೇಲೆ ಪ್ರೀತಿಯಿದ್ದಿರಬಹುದಲ್ಲ! ಅಕ್ಕ ಆವತ್ತು ರಾತ್ರಿ ಊಟದ ಮೇಜಿನಲ್ಲಿ ಎರಡು ಷರತ್ತು ಹಾಕಿದಳು. ಕಡ್ಡಾಯವಿರಲಿ ಬಿಡಲಿ, ತಪಾಸಣೆ ಮಾಡಿಸಿಯೇ ರಸ್ತೆಗಿಳಿಸಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಭಾವ ಕಾರಿನ ಕೆಳಗೆ ಹೋಗಕೂಡದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಹೋಗಿ ಸತ್ತವರ ಸುದ್ದಿ ಅವಳು ಆಸ್ಪತ್ರೆಯಲ್ಲಿದ್ದಾಗ ಕೇಳಿದ್ದಳು. ಭಾವ ಎಪ್ಪತ್ತು ದಾಟಿದವರು. “ನೀವು ಜೀವಮಾನ ಪೂರ್ತಿ ಪ್ರಜ್ಞೆ ಇಲ್ಲದವರ ತಲೆ ಹತ್ರ ಕೂತು ಅವರ ಉಸಿರು ಕಾದಿದ್ದೀರಿ. ನಿಮ್ಮ ಉಸಿರು ಕಾಯೋರು ಯಾರು?” ಎಂದಳು. ಭಾವ ತಟ್ಟೆ ನೋಡುತ್ತ “ಸರಿ” ಎಂದರು.

ಬ್ರೇಕಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಗಾಲಿಯ ಹತ್ತಿರ ಕೂತು ಸಣ್ಣ ತಿರುಪನ್ನು ಬಿಡಿಸುವುದು, ಇನ್ನೊಬ್ಬರು ಒಳಗೆ ಕೂತು ಪೆಡಲು ಒತ್ತುವುದು. ನಾನಿದ್ದಾಗ ಎರಡು ಸಂಜೆ ಅದು ನಡೆಯಿತು. “ಒತ್ತು.” “ಒತ್ತಿದೀನಿ ರೀ.” “ಹಿಡ್ಕೋ... ಬಿಡು.” ತಿರುಪು ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ವಾಪಸು ಒಳಗೆ, ಎಲ್ಲ ಮೊದಲಿನಿಂದ. ಮನೆಯಲ್ಲಿ ರಿಪೇರಿಯಾದ ಅದೆಷ್ಟು ಕಾರುಗಳಲ್ಲಿ ಹೀಗೆ ಹೆಂಡತಿಯ ಕಾಲು ಕೆಲಸ ಮಾಡಿದೆಯೋ. ರಿಪೇರಿಯ ಪುಸ್ತಕದಲ್ಲಿ ಆ ಕಾಲಿಗೆ ‘ಸಹಾಯಕ’ ಎಂಬ ಹೆಸರಷ್ಟೇ ಇದೆ.

ಎಲ್ಲ ಮುಗಿದು ಇನ್ನು ಸೀಟು ತಾನೇ, ಅದೇನು ಮಹಾ, ಎಂದಿದ್ದರು ಭಾವ. 1966ರ ಎಂ.ಜಿ.ಬಿ. ಸೀಟಿನ ಮುಖಕ್ಕೆ ನಿಜವಾದ ಚರ್ಮ, ಅಂಚಿಗೆಲ್ಲ ಬೇರೆ ಬಣ್ಣದ ಪೈಪಿಂಗು. ಹಳೆಯದು ಬಿರಿದು ಹೋಗಿತ್ತು. ಹೊರಗೆ ಹೊಲಿಸಲು ಕೇಳಿದ ದರ ಕೇಳಿ ಭಾವ ತಣ್ಣಗಾದರು. ಅಕ್ಕ ಹೊಲಿಗೆ ಬಲ್ಲವಳು, ನಮ್ಮಮ್ಮ ಕಲಿಸಿದ್ದು. ರವಿಕೆಗೆ ಪೈಪಿಂಗ್ ಇಟ್ಟ ಕೈಗೆ ಸೀಟಿನ ಪೈಪಿಂಗ್ ಏನು ಮಹಾ ಎಂದು ಅವಳೂ ಅಂದುಕೊಂಡಳು. ಬಟ್ಟೆಯಲ್ಲಾದರೆ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಚರ್ಮದಲ್ಲಿ ಸೂಜಿ ಚುಚ್ಚಿದ ತೂತು ತೂತೇ. ನಾಲ್ಕು ಪದರ ಒಂದು ಕಡೆ ಸೇರಿದಲ್ಲಿ ಮನೆಯ ಮಿಷನ್ನು ಮುಂದೆ ಹೋಗುವುದಿಲ್ಲ. ಹಲ್ಲಿಗೆ ಚರ್ಮ ಜಾರುವುದಿಲ್ಲ, ಮೇಲಿನ ಪದರ ಹಿಂದೆ ಉಳಿದು ಕೆಳಗಿನದು ಮುಂದೆ ಹೋಗುತ್ತದೆ. ಬಾಗಿದ ಅಂಚಿನಲ್ಲಿ ಪೈಪಿಂಗನ್ನು ನೆರಿಗೆ ಬೀಳದಂತೆ ತಿರುಗಿಸಬೇಕು. ಒಂದು ಸೀಟಿಗೆ ಮೂರು ವಾರ ಹಿಡಿಯಿತು. ಬೆಸುಗೆಯನ್ನು ಯೂಟ್ಯೂಬ್ ನೋಡಿ ಕಲಿತ ಭಾವ ಇದನ್ನು ಕಲಿಯಲು ಒಂದು ಮಧ್ಯಾಹ್ನ ಕೂತು, ಅರ್ಧ ಗಂಟೆಯಲ್ಲಿ ಎರಡು ಸೂಜಿ ಮುರಿದು ಎದ್ದು ಹೋದರು.

ಆ ದಿನಗಳಲ್ಲೇ ಅಕ್ಕ ನನಗೆ ಡ್ಯಾಗನ್‌ಹಮ್ ಹೆಂಗಸರ ಕಥೆ ಹೇಳಿದ್ದು. ಅವರದು ಬೇರೆ ಕಂಪನಿ, ಫೋರ್ಡ್. ಲಂಡನ್ನಿನ ಪೂರ್ವಕ್ಕಿರುವ ಅದರ ಕಾರ್ಖಾನೆಯಲ್ಲಿ ಕಾರಿನ ಸೀಟುಗಳ ಕವಚ ಹೊಲಿಯುತ್ತಿದ್ದ 187 ಹೆಂಗಸರಿದ್ದರು. ಅರವತ್ತರ ದಶಕದ ಕೊನೆಗೆ ಕೆಲಸಗಳನ್ನೆಲ್ಲ ಹೊಸದಾಗಿ ದರ್ಜೆ ಮಾಡಿದಾಗ ಅವರ ಹೊಲಿಗೆಯನ್ನು ‘ಕಡಿಮೆ ಕೌಶಲದ ಕೆಲಸ’ ಎಂದು ಬಿ ದರ್ಜೆಗೆ ಹಾಕಿದರು. ಕೊಟ್ಟ ಕೂಲಿ ಅದೇ ದರ್ಜೆಯ ಗಂಡಸರಿಗೆ ಕೊಡುವುದರ ನೂರಕ್ಕೆ 85 ಪಾಲು. ಹೆಂಗಸರು 1968ರ ಜೂನ್ 7ರಂದು ಮಿಷನ್ನು ನಿಲ್ಲಿಸಿ ಹೊರಗೆ ಬಂದರು. ಸೀಟಿಲ್ಲದ ಕಾರನ್ನು ಮಾರುವುದು ಹೇಗೆ? ಅಷ್ಟು ದೊಡ್ಡ ಕಾರ್ಖಾನೆ ಮೂರು ವಾರದಲ್ಲಿ ಸ್ತಬ್ಧವಾಯಿತು. ಕೊನೆಗೆ ಕಾರ್ಮಿಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಬಾರ್ಬರಾ ಕ್ಯಾಸಲ್ ಅವರೇ ಮಾತುಕತೆಗೆ ಕರೆದರು. ನೂರಕ್ಕೆ 92 ಪಾಲಿಗೆ ಒಪ್ಪಿಗೆಯಾಯಿತು. ಅದರ ಬೆನ್ನಿಗೇ 1970ರಲ್ಲಿ ಸಮಾನ ವೇತನದ ಕಾಯಿದೆ ಬಂತು, 1975ರ ಕೊನೆಗೆ ಜಾರಿಯಾಯಿತು.

ಎಲ್ಲರಿಗೂ ನೆನಪಿರುವುದು ಈ ಕಾಯಿದೆ. ಆದರೆ ಆ ಹೆಂಗಸರು ಹೊರಗೆ ಬಂದದ್ದು ಬರೀ ಕೂಲಿಗಲ್ಲ. ನಮ್ಮದು ಕೌಶಲದ ಕೆಲಸವೆಂದು ಒಪ್ಪಿಕೊಳ್ಳಿ ಎಂದು ಅವರು ಕೇಳಿದ್ದರು. ಅದನ್ನು ಮಾತ್ರ ಯಾರೂ ಒಪ್ಪಿರಲಿಲ್ಲ. ಸಿ ದರ್ಜೆ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರ ಮಾಡಿದ ಮೇಲೆ. ಹದಿನಾರು ವರ್ಷ. ಇಷ್ಟರಲ್ಲಿ ಮೊದಲ ಮುಷ್ಕರದ ಎಷ್ಟೋ ಹೆಂಗಸರು ಕೆಲಸ ಬಿಟ್ಟು ಮನೆ ಸೇರಿದ್ದಿರಬೇಕು.

ಅಕ್ಕ ಇದನ್ನು ಹೇಳುವಾಗ ಎರಡನೆಯ ಸೀಟಿನ ಬೆನ್ನು ಹೊಲಿಯುತ್ತಿದ್ದಳು. ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಾರನೆಯ ದಿನ ಪೇಟೆಗೆ ಹೋಗಿ ಚರ್ಮ ಹೊಲಿಯುವ, ಪದರಗಳನ್ನು ಮೇಲಿನಿಂದಲೂ ಎಳೆದುಕೊಂಡು ಹೋಗುವ ಬಗೆಯ ಹಳೆಯ ಕಾರ್ಖಾನೆ ಮಿಷನ್ನೊಂದನ್ನು ಯಾರಿಂದಲೋ ಕೊಂಡು ತಂದರು. ಅದರ ತೂಕಕ್ಕೆ ನಾವು ಮೂವರೂ ಸೇರಿ ಎತ್ತಬೇಕಾಯಿತು. ಮೋಟಾರು ಕೆಲಸ ಮಾಡುತ್ತಿರಲಿಲ್ಲ. ಭಾವ ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂತರು.

ನಾನು ಊರಿಗೆ ಹೊರಡುವ ಹೊತ್ತಿಗೆ ಮಿಷನ್ನು ಓಡುತ್ತಿತ್ತು, ಸೀಟುಗಳು ಮುಗಿದಿದ್ದವು. ಮೇಲಿನ ಬಟ್ಟೆಯ ಮುಚ್ಚಳ ಬಾಕಿಯಿತ್ತು. ಕಾರು ತಪಾಸಣೆಯಲ್ಲಿ ಪಾಸಾದದ್ದು 2023ರ ಏಪ್ರಿಲಿನಲ್ಲಿ, ಎರಡನೆಯ ಸಲಕ್ಕೆ. ಮೊದಲನೆಯ ಸಲ ಹಿಂಗಾಲಿಯ ಒಂದು ಬ್ರೇಕು ಸಾಕಷ್ಟು ಹಿಡಿಯಲಿಲ್ಲವಂತೆ. ಅಕ್ಕ ಫೋನಿನಲ್ಲಿ ಹೇಳಿದಳು, “ಇವರು ಓಡಿಸ್ತಾರೆ, ನಾನು ಪಕ್ಕದಲ್ಲಿ ಕೂತು ಬಾಗಿಲ ಸಂದೇ ನೋಡ್ತಿರ್ತೀನಿ.”